ಕಡಲಿಗಿಳಿಯದೆ ಕಡಲು ಕಲಿಯಬಹುದೇ?

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಕಾಳಿ ನದಿ ಸಮುದ್ರ ಸೇರುವ ಅಳಿವೆ ಅದರ ಮಗ್ಗುಲಲ್ಲೇ ಇದೆ. ಅದೇ ಊರಿನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ, ತೆರೆದ ಕಡಲಿನಲ್ಲಿ ಪಂಜರ ಇಳಿಬಿಟ್ಟು ಮೀನು ಸಾಕುವ ಪ್ರಯೋಗಗಳಿಗೆ ಹೆಸರಾಗಿದೆ. ಉತ್ತರಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಗೋವಾದ ದೋನಾ ಪಾವ್ಲಾ. ಅಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ವಾಸ್ಕೋದಲ್ಲಿ ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರ, ಮೊರ್ಮುಗಾವ್‌ನಲ್ಲಿ ಭಾರತೀಯ ಮೀನುಗಾರಿಕಾ ಸಮೀಕ್ಷೆಯ ನೆಲೆ. ನನ್ನ ಎಣಿಕೆಯಲ್ಲಿ ಸಮುದ್ರವನ್ನು ಓದಲು ಇಷ್ಟು ಅನುಕೂಲವಿರುವ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಆದರೂ ನಮ್ಮ ಕರಾವಳಿಯ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಸಮುದ್ರಕ್ಕೆ ಸಂಬಂಧಿಸಿದ ಪದವಿ ಪಡೆದು ಹೊರಬರುವ ಬಹುಪಾಲು ಹುಡುಗ ಹುಡುಗಿಯರು ನೀರಿನ ಮೇಲೆ ಕಳೆದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ದಂಡೆಯ ಬಂಡೆಗಳ ಮೇಲೆ, ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ, ಮೀನು ಇಳಿಸುವ ಜಾಗದಲ್ಲಿ ಅವರ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಪ್ಲವಕಗಳನ್ನು, ಎಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು, ಗುರುತಿಸುವುದನ್ನೂ ಕಲಿಯುತ್ತಾರೆ. ಆದರೆ ಆ ಪ್ಲವಕ ಬಂದದ್ದು ಎಷ್ಟು ಆಳದಿಂದ, ಆ ಹೊತ್ತು ನೀರಿನಲ್ಲಿ ಆಮ್ಲಜನಕ ಎಷ್ಟಿತ್ತು, ಪ್ರವಾಹ ಯಾವ ಕಡೆಗಿತ್ತು ಎಂಬುದು ಬಾಟಲಿಯ ಮೇಲಿನ ಚೀಟಿಯ ಮಾತಾಗಿ ಉಳಿಯುತ್ತದೆ. ಆ ಚೀಟಿ ಬರೆದವರು ಬೇರೆ ಯಾರೋ.

ಈ ಕೊರತೆ ಎದ್ದಾಗಲೆಲ್ಲ ನಮ್ಮಲ್ಲಿ ಮಾತು ದೊಡ್ಡ ಹಡಗಿನ ಕಡೆ ಹೊರಳುತ್ತದೆ. ರಾಷ್ಟ್ರೀಯ ಸಂಶೋಧನಾ ನೌಕೆಗಳಲ್ಲಿ ವಿದ್ಯಾರ್ಥಿಗಳಿಗೆ ಜಾಗ ಬೇಕು ಎನ್ನುತ್ತೇವೆ. ಬೇಕೇ ಬೇಕು. ಆದರೆ ಅದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದು ಕಾರವಾರದ ಕೊಲ್ಲಿಯಲ್ಲೇ ಬಾಕಿ ಇದೆ. ಚಿಕ್ಕ ದೋಣಿಯಲ್ಲಿ ಅದೇ ಜಾಗಕ್ಕೆ ಮತ್ತೆ ಮತ್ತೆ, ವರ್ಷ ವರ್ಷವೂ ಹೋಗಿ ಅಳೆಯುವ ಕೆಲಸ ಅದು. ಅದನ್ನು ಪದವಿಯ ಅಂಕಗಳೊಳಗೆ ಸೇರಿಸಬೇಕು. ವಿದ್ಯಾರ್ಥಿಗಳಿಗೆ ಇದು ಎಷ್ಟು ಬೇಕೋ, ಉತ್ತರ ಕನ್ನಡದ ಕರಾವಳಿಗೂ ಅಷ್ಟೇ ಬೇಕು.

ನೀರು ಮೇಲೆ ಬಂದ ಮೊದಲ ಹತ್ತು ನಿಮಿಷ

ಸಮುದ್ರದ ಮೇಲೆ ಕಲಿಯುವಂಥದ್ದು ದಂಡೆಯಲ್ಲಿ ಯಾಕೆ ಸಿಗುವುದಿಲ್ಲ? ಒಂದೇ ಒಂದು ಕೆಲಸವನ್ನು ವಿವರವಾಗಿ ನೋಡಿದರೆ ಸಾಕು.

ಸಂಶೋಧನಾ ಹಡಗು ಗೊತ್ತುಪಡಿಸಿದ ಅಕ್ಷಾಂಶ, ರೇಖಾಂಶಕ್ಕೆ ಬಂದು ನಿಲ್ಲುತ್ತದೆ. ಅದನ್ನು ಸ್ಟೇಷನ್ ಎನ್ನುತ್ತಾರೆ. ಅಲ್ಲಿ ಸಿಟಿಡಿ ಎಂಬ ಯಂತ್ರವನ್ನು ಭಾರ ಇಳಿಸಿ ಎತ್ತುವ ವಿಂಚಿನ ತಂತಿಗೆ ಕಟ್ಟಿ ಇಳಿಸುತ್ತಾರೆ. ಅದು ಇಳಿಯುತ್ತ ಇಳಿಯುತ್ತ ನೀರಿನ ವಿದ್ಯುತ್ ವಾಹಕತೆ, ಉಷ್ಣತೆ ಮತ್ತು ಆಳವನ್ನು ಅಳೆಯುತ್ತದೆ. ವಾಹಕತೆಯಿಂದ ಲವಣಾಂಶ ಗೊತ್ತಾಗುತ್ತದೆ. ಯಂತ್ರದ ಸುತ್ತ ನಿಸ್ಕಿನ್ ಬಾಟಲಿಗಳನ್ನು ವೃತ್ತಾಕಾರವಾಗಿ ಜೋಡಿಸಿರುತ್ತಾರೆ, ಎರಡೂ ಬಾಯಿ ತೆರೆದೇ ಇರುತ್ತದೆ. ಯಂತ್ರ ಮೇಲೆ ಬರುವಾಗ ಬೇಕಾದ ಆಳದಲ್ಲಿ ನಿಲ್ಲಿಸಿ ಹಡಗಿನಿಂದ ಸಂಕೇತ ಕೊಟ್ಟರೆ ಒಂದೊಂದೇ ಬಾಟಲಿ ಮುಚ್ಚಿಕೊಂಡು ಆ ಆಳದ ನೀರನ್ನು ಹಿಡಿಯುತ್ತದೆ. ವಿಂಚ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮೀಟರ್ ಲೆಕ್ಕದಲ್ಲಿ ಓಡುತ್ತದೆ. ಸಾವಿರ ಮೀಟರ್ ಇಳಿಸಿ ಎತ್ತುವಷ್ಟರಲ್ಲಿ ಗಂಟೆಯ ಹತ್ತಿರ ಹತ್ತಿರ ಕಳೆದಿರುತ್ತದೆ.

ನಿಜವಾದ ಪರೀಕ್ಷೆ ಆಮೇಲಿನದು. ಬಾಟಲಿಗಳು ಡೆಕ್ ಮೇಲೆ ಬಂದ ಕೂಡಲೇ ನೀರು ತೆಗೆಯುವುದಕ್ಕೆ ಒಂದು ಕ್ರಮವಿದೆ. ಕರಗಿದ ಅನಿಲಗಳು ಮೊದಲು. ಅದರಲ್ಲೂ ಆಮ್ಲಜನಕದ ಮಾದರಿಗೆ ಕಾಯುವ ತಾಳ್ಮೆಯೇ ಇಲ್ಲ. ರಬ್ಬರ್ ನಳಿಕೆಯನ್ನು ಗಾಜಿನ ಬಾಟಲಿಯ ತಳದವರೆಗೆ ಇಳಿಸಿ, ಒಂದು ಗುಳ್ಳೆಯೂ ಸೇರದಂತೆ ತುಂಬಿಸಿ, ಎರಡು ಮೂರು ಪಟ್ಟು ನೀರು ಹೊರ ಹರಿಯಲು ಬಿಟ್ಟು, ಅಲ್ಲೇ ಮ್ಯಾಂಗನೀಸ್ ಲವಣ ಮತ್ತು ಕ್ಷಾರೀಯ ಅಯೊಡೈಡ್ ಹಾಕಿ ಬಿರಡೆ ಮುಚ್ಚಬೇಕು. 1888ರಲ್ಲಿ ವಿಂಕ್ಲರ್ ಎಂಬ ರಸಾಯನಶಾಸ್ತ್ರಜ್ಞ ತೋರಿಸಿಕೊಟ್ಟ ವಿಧಾನ ಇದು, ಇಂದಿಗೂ ಯಂತ್ರಗಳ ಅಳತೆ ಸರಿಯೋ ತಪ್ಪೋ ಎಂದು ನೋಡುವುದು ಇದರಿಂದಲೇ. ಆಮ್ಲಜನಕದ ನಂತರ ಪೋಷಕಾಂಶಗಳ ಮಾದರಿ, ಲವಣಾಂಶದ್ದು ಕೊನೆಗೆ. ಹಡಗು ಓಲಾಡುತ್ತಿರುತ್ತದೆ, ಕೈಗವಸು ಒದ್ದೆಯಾಗಿರುತ್ತದೆ, ಹೊತ್ತು ರಾತ್ರಿ ಎರಡು ಗಂಟೆ. ನಾಲ್ಕು ತಾಸಿನ ಪಾಳಿ ಮುಗಿಸಿ ಮಲಗುವ ಮುನ್ನ ಬಾಟಲಿ ಸಂಖ್ಯೆಯನ್ನೂ ಆಳವನ್ನೂ ಲಾಗ್ ಪುಸ್ತಕದಲ್ಲಿ ತಾಳೆ ನೋಡಬೇಕು. ಹನ್ನೊಂದನೇ ಬಾಟಲಿಯ ನೀರು ಹನ್ನೆರಡರ ಹೆಸರಿನಲ್ಲಿ ದಾಖಲಾದರೆ ಇಡೀ ಸ್ಟೇಷನ್ನಿನ ಚಿತ್ರ ಕೆಡುತ್ತದೆ, ಆರು ತಿಂಗಳ ನಂತರ ಅದನ್ನು ಸರಿಪಡಿಸಲು ಯಾರಿಗೂ ಸಾಧ್ಯವಿಲ್ಲ.

ಇದನ್ನು ಒಮ್ಮೆ ಕೈಯಾರೆ ಮಾಡಿದವರು ಮುಂದೆ ಕಂಪ್ಯೂಟರಿನಲ್ಲಿ ಸಮುದ್ರದ ಅಂಕಿಗಳನ್ನು ನೋಡುವ ರೀತಿಯೇ ಬೇರೆ. ಒಂದು ಅಂಕಿ ಉಳಿದವುಗಳ ಸಾಲಿನಿಂದ ಹೊರಗೆ ನಿಂತರೆ ಅದು ಸಮುದ್ರದ ಸುದ್ದಿಯೋ, ಗುಳ್ಳೆ ಸೇರಿದ ಬಾಟಲಿಯದ್ದೋ ಎಂದು ಅವರಿಗೆ ಅನುಮಾನ ಬರುತ್ತದೆ. ವಿಜ್ಞಾನಿಗೆ ಇರಬೇಕಾದ ಈ ಅನುಮಾನವನ್ನು ಪಾಠದಿಂದ ಕೊಡಲು ನಾನು ಕಂಡಂತೆ ಯಾರಿಗೂ ಆಗಿಲ್ಲ.

ಉಪಗ್ರಹಗಳಿವೆಯಲ್ಲ, ದೋಣಿ ಯಾಕೆ ಎಂದು ಕೇಳುವವರಿದ್ದಾರೆ. ಉಪಗ್ರಹ ನೋಡುವುದು ಸಮುದ್ರದ ಮೇಲ್ಮೈಯನ್ನು. ಬಣ್ಣ ನೋಡುವ ಉಪಗ್ರಹಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಮೇಲೆ ಕಾಣುವುದು ಹೆಚ್ಚಾಗಿ ಮೋಡ. ಜಗತ್ತಿನ ಸಾಗರಗಳಲ್ಲಿ ಸುಮಾರು 4,000 ಆರ್ಗೊ ತೇಲುಯಂತ್ರಗಳಿದ್ದು, ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇರಿ ಬಂದು ಸುದ್ದಿ ಕಳಿಸುತ್ತವೆ. ಅದ್ಭುತ ವ್ಯವಸ್ಥೆ. ಆದರೆ ಅವು ಆಳ ಸಮುದ್ರಕ್ಕೆ ಮಾಡಿದವು, ಇಪ್ಪತ್ತು ಮೂವತ್ತು ಮೀಟರ್ ಆಳದ ನಮ್ಮ ಮೀನುಗಾರಿಕೆಯ ನೀರಿಗೆ ಬರುವುದಿಲ್ಲ. ದಂಡೆಯ ಹತ್ತಿರದ ತೇಲುಬುರುಡೆಗಳು ಅಲೆಯ ಎತ್ತರವನ್ನು ಹೇಳಬಲ್ಲವು, ತಳದ ನೀರಿನಲ್ಲಿ ಮೀನಿಗೆ ಉಸಿರಾಡಲು ಏನಾದರೂ ಉಳಿದಿದೆಯೇ ಎಂದು ಹೇಳಲಾರವು.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಳಗೆ ನಡೆಯುವುದು

ತಳದ ನೀರಿನ ಆಮ್ಲಜನಕ ಕಾರವಾರದ ಎದುರಿನ ಕಡಲಿನ ಅತಿ ದೊಡ್ಡ ಕಥೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರ್‌ನಿಂದ ಸಾವಿರ ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆಯಿರುವ ನೀರಿನ ದಪ್ಪ ಪದರವಿದೆ. ಜಗತ್ತಿನಲ್ಲಿ ಇಂಥ ದೊಡ್ಡ ಪದರಗಳಿರುವುದು ಕೆಲವೇ ಕಡೆ. ನೈರುತ್ಯ ಮುಂಗಾರಿನ ಕಾಲದಲ್ಲಿ ನಮ್ಮ ಕರಾವಳಿಯಗುಂಟ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಆಗ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ದಂಡೆಯ ಕಡೆಗಿನ ಇಳಿಜಾರನ್ನು ಮೆಲ್ಲಗೆ ಏರಿ ಬರುತ್ತದೆ. ಅದರ ಜೊತೆ ಪೋಷಕಾಂಶಗಳೂ ಬರುತ್ತವೆ, ಸಸ್ಯ ಪ್ಲವಕಗಳು ಹುಲುಸಾಗುತ್ತವೆ. ತಾರ್ಲೆ, ಬಂಗಡೆಯ ಹಂಗಾಮಿಗೆ ಬುನಾದಿ ಇದೇ.

ಅದೇ ಹೊತ್ತಿಗೆ ಘಟ್ಟದ ಮೇಲೆ ಸುರಿದ ಮಳೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಲ್ಲಿ ಕೆಂಪಾಗಿ ಹರಿದು ಬಂದು ಉಪ್ಪುನೀರಿನ ಮೇಲೆ ಹರಡುತ್ತದೆ. ಸಿಹಿನೀರು ಹಗುರ. ಪಾತ್ರೆಗೆ ಮುಚ್ಚಳ ಹಾಕಿದಂತೆ ಅದು ಮೇಲೆ ಕುಳಿತುಬಿಡುತ್ತದೆ. ಕೆಳಗಿನ ನೀರಿಗೆ ಗಾಳಿಯ ಸಂಪರ್ಕ ತಪ್ಪುತ್ತದೆ. ಸತ್ತು ಕೆಳಗಿಳಿದ ಪ್ಲವಕಗಳನ್ನು ಬ್ಯಾಕ್ಟೀರಿಯಾಗಳು ಕೊಳೆಸುತ್ತ ಉಳಿದ ಆಮ್ಲಜನಕವನ್ನೂ ಬಳಸಿ ಮುಗಿಸುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತಳದ ಹತ್ತಿರ ಆಮ್ಲಜನಕ ಬಹುತೇಕ ಇಲ್ಲವಾಗುತ್ತದೆ, ಕೆಲವೆಡೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು ಈ ವಿದ್ಯಮಾನ ತೀವ್ರವಾಗುತ್ತಿರುವುದನ್ನೂ, ಅದರಿಂದ ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡ್ ಹೇರಳವಾಗಿ ಹೊರಬೀಳುವುದನ್ನೂ 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತಿನ ಸಾಗರ ವಿಜ್ಞಾನಿಗಳ ಗಮನ ನಮ್ಮ ಈ ತೀರದ ಮೇಲೆ ಬಿತ್ತು.

ಈ ಕರಾವಳಿಯ ಆಮ್ಲಜನಕದ ಏರಿಳಿತದ ಬಗ್ಗೆ ಇಂದು ನಾವು ತಿಳಿದಿರುವುದರಲ್ಲಿ ದೊಡ್ಡ ಪಾಲು ಬಂದದ್ದು ಗೋವಾದ ಕಾಂದೋಳಿ ಎದುರಿನ ಒಂದೇ ಒಂದು ಜಾಗದಿಂದ. ಇಪ್ಪತ್ತೈದು, ಮೂವತ್ತು ಮೀಟರ್ ಆಳದ ಆ ಸ್ಟೇಷನ್ನಿಗೆ ವಿಜ್ಞಾನಿಗಳು 1990ರ ದಶಕದ ಕೊನೆಯಿಂದ ಮತ್ತೆ ಮತ್ತೆ ಹೋಗಿದ್ದಾರೆ. ಅಷ್ಟು ಆಳಕ್ಕೆ ಹೋಗಲು ಸಾಗರ ದಾಟುವ ಹಡಗು ಬೇಕಾಗುವುದಿಲ್ಲ. ಬೇಕಾಗುವುದು ಹಟ. ಕಾಂದೋಳಿಯಿಂದ ದಕ್ಷಿಣಕ್ಕೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಹೀಗೆ ಸುಮಾರು 140 ಕಿಲೋಮೀಟರ್ ಉದ್ದದ ಜಿಲ್ಲೆಯ ತೀರವಿದೆ, ಐದು ನದಿಗಳ ಅಳಿವೆಗಳಿವೆ. ಇಲ್ಲೂ ಅಂಥದ್ದೊಂದು ಜಾಗವನ್ನು ಆಯ್ದು ವಿದ್ಯಾರ್ಥಿಗಳ ಕೈಗೆ ಕೊಡಲು ಅಡ್ಡಿ ಏನು?

ಹವಾಮಾನದ ಅಡ್ಡಿಯನ್ನು ಅನೇಕರು ಮುಂದಿಡುತ್ತಾರೆ. ಜೂನ್, ಜುಲೈನಲ್ಲಿ ಕಡಲು ಕೆರಳಿರುತ್ತದೆ, ಚಿಕ್ಕ ದೋಣಿಯಲ್ಲಿ ಮಕ್ಕಳನ್ನು ಕಳಿಸುವ ಮಾತೇ ಇಲ್ಲ. ಒಪ್ಪಿದೆ. ಆ ಎರಡು ತಿಂಗಳು ಅಳಿವೆಯ ಒಳಗೆ, ಸೇತುವೆ ಮತ್ತು ಧಕ್ಕೆಗಳ (ದೋಣಿಗಟ್ಟೆಗಳ) ಮೇಲಿಂದ ಮಾದರಿ ತೆಗೆಯಬಹುದು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಕಡಲು ಇಳಿಯುತ್ತದೆ. ಆಮ್ಲಜನಕ ತೀರಾ ಕೆಳಗಿಳಿಯುವುದೂ ಸರಿಯಾಗಿ ಆಗಲೇ. ಅತ್ಯಂತ ಕುತೂಹಲದ ಸಮಯಕ್ಕೆ ದೋಣಿ ಹೋಗಬಹುದಾದ ಕಡಲು ಸಿಗುವುದು ಈ ಕರಾವಳಿಯ ವಿದ್ಯಾರ್ಥಿಗಳ ಭಾಗ್ಯ ಎಂದೇ ನಾನು ಭಾವಿಸುತ್ತೇನೆ.

ಶಿರಸಿಯಿಂದ ತದಡಿಯವರೆಗೆ

ಕಡಲಿನ ಅಧ್ಯಯನ ಕಡಲ ದಂಡೆಯಲ್ಲೇ ಶುರುವಾಗಬೇಕಿಲ್ಲ. ಅಘನಾಶಿನಿಯ ಒಂದು ಮೂಲ ಶಿರಸಿ ಪೇಟೆಯ ಶಂಕರ ಹೊಂಡ. ಘಟ್ಟವಿಳಿದು ತದಡಿಯ ಬಳಿ ಸಮುದ್ರ ಸೇರುವವರೆಗೆ ಆ ನದಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅಳಿವೆ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಉಪ್ಪು ಮೈಲುಗಟ್ಟಲೆ ಒಳಗೆ ಏರುತ್ತದೆ. ಬೆಳಚು ಎಂಬ ಚಿಪ್ಪುಜೀವಿ ಹೆಕ್ಕುವವರ ದುಡಿಮೆ, ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರ ಲೆಕ್ಕಾಚಾರ ಎರಡೂ ಈ ಏರಿಳಿತವನ್ನು ನಂಬಿಕೊಂಡಿವೆ. 2024ರ ಜನವರಿಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು.

ಪಕ್ಕದ ಶರಾವತಿಯ ಕಥೆ ತಿರುಗುಮುರುಗು. ಲಿಂಗನಮಕ್ಕಿಯಲ್ಲೂ ಗೇರುಸೊಪ್ಪದಲ್ಲೂ ವಿದ್ಯುತ್ತಿಗಾಗಿ ತಡೆದ ನೀರನ್ನು ವರ್ಷವಿಡೀ ಬಿಡುವುದರಿಂದ ಹೊನ್ನಾವರದ ಅಳಿವೆಯಲ್ಲಿ ಬೇಸಿಗೆಯಲ್ಲೂ ಉಪ್ಪು ಏರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಎರಡು ಅಳಿವೆಗಳನ್ನು ಹೋಲಿಸಿ, ಶರಾವತಿಯಲ್ಲಿ ಚಿಪ್ಪುಜೀವಿಗಳೂ ಮೀನಿನ ವೈವಿಧ್ಯವೂ ಕುಸಿದಿರುವುದಕ್ಕೂ ಲವಣಾಂಶಕ್ಕೂ ಇರುವ ನಂಟನ್ನು ತೋರಿಸಿದ್ದಾರೆ. ಕಾಳಿಯ ಮೇಲೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಒಂದೇ ಮಳೆ, ಒಂದೇ ಘಟ್ಟ, ಒಂದೇ ಕಡಲು, ಆದರೆ ನದಿಗಳನ್ನು ನಾವು ನಡೆಸಿಕೊಂಡ ರೀತಿ ಬೇರೆ ಬೇರೆ. ಜಗತ್ತಿನ ಯಾವ ವಿಶ್ವವಿದ್ಯಾಲಯವೂ ದುಡ್ಡು ಕೊಟ್ಟು ಕಟ್ಟಲಾಗದ ಪ್ರಯೋಗಶಾಲೆ ಒಂದು ದಿನದ ಬಸ್ ಪ್ರಯಾಣದೊಳಗೆ ಹರಡಿಕೊಂಡಿದೆ.

ಶಿರಸಿ, ಸಿದ್ದಾಪುರದ ಕಾಲೇಜುಗಳ ಮಕ್ಕಳು ಮೇಲೆ ಮಳೆಯನ್ನೂ ಹೊಳೆಯ ಹರಿವನ್ನೂ ಅಳೆದು, ಕುಮಟಾ, ಕಾರವಾರದ ಮಕ್ಕಳು ಕೆಳಗೆ ಅಳಿವೆಯ ಲವಣಾಂಶವನ್ನೂ ಕೆಸರನ್ನೂ ಅಳೆದು ಎರಡನ್ನೂ ಒಂದೇ ಹಾಳೆಯಲ್ಲಿಟ್ಟರೆ ಏನೇನು ಕಾಣಬಹುದು ಎಂದು ಯೋಚಿಸಿದರೆ ಹುರುಪು ಬರುತ್ತದೆ. ನೀರಿನ ತಿಳಿತನ ಅಳೆಯಲು ಬೇಕಾದದ್ದು ಸುಮಾರು 30 ಸೆಂಟಿಮೀಟರ್ ಅಗಲದ ಒಂದು ಬಿಳಿ ತಟ್ಟೆ, ಗುರುತು ಹಾಕಿದ ಹಗ್ಗ. 1865ರಲ್ಲಿ ಸೆಕಿ ಎಂಬ ಇಟಲಿಯ ಪಾದ್ರಿ-ವಿಜ್ಞಾನಿ ಬಳಸಿದ್ದು ಇಂಥದ್ದನ್ನೇ, ಇಂದಿಗೂ ಅದರ ಅಳತೆಗೆ ಬೆಲೆಯಿದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು.

ಇಂಥ ಅಳತೆಯ ಕೊರತೆ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಜಿಲ್ಲೆ ಕಣ್ಣಾರೆ ಕಂಡಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ದಾಟಿ ಗಂಗಾವಳಿಗೆ ಜಾರಿತು. ತುಂಬಿ ಹರಿಯುವ ಕೆಸರುನೀರಿನಲ್ಲಿ ನೌಕಾಪಡೆಯ ಮುಳುಗುಗಾರರಿಗೂ ಇಳಿಯುವುದು ಕಷ್ಟವಾಯಿತು. ನದಿಯ ಪಾಲಾದ ಲಾರಿ ಮೇಲೆ ಬಂದದ್ದು ಗೋವಾದಿಂದ ಡ್ರೆಜ್ಜರ್ ತರಿಸಿದ ಮೇಲೆ, ಸೆಪ್ಟೆಂಬರ್ 25ಕ್ಕೆ. ವಿದ್ಯಾರ್ಥಿಗಳ ಅಳತೆ ಆ ದುರಂತವನ್ನು ತಪ್ಪಿಸುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಪ್ರತಿ ವರ್ಷ ಮಳೆಗಾಲದ ಮುಂಚೆ ಮತ್ತು ನಂತರ ನದಿಯ ಪಾತ್ರದ ಆಳವನ್ನು ಪ್ರತಿಧ್ವನಿ ಮಾಪಕದಿಂದ ಅಳೆದಿಟ್ಟ ನಕ್ಷೆ ಕೈಯಲ್ಲಿದ್ದರೆ, ಮಣ್ಣು ಎಲ್ಲಿ ಕೂತಿದೆ, ಎಷ್ಟು ಕೂತಿದೆ ಎಂದು ತಿಳಿಯಲು ಹೋಲಿಕೆಗೆ ಒಂದು ಆಧಾರ ಇರುತ್ತದೆ. ಸ್ನಾತಕೋತ್ತರ ತರಗತಿಗೆ ಹೇಳಿ ಮಾಡಿಸಿದ ಕೆಲಸ ಅದು.

ದೊಡ್ಡ ಹಡಗಿನಲ್ಲಿ ಒಂದು ಮಂಚ

ದೊಡ್ಡ ಹಡಗುಗಳ ವಿಷಯಕ್ಕೆ ಬರೋಣ. 1960ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯ ಫಲವಾಗಿಯೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಆ ಅನ್ವೇಷಣೆಯಲ್ಲಿ ಹಡಗು ಹತ್ತಿದ ತರುಣರೇ ಮುಂದೆ ಈ ದೇಶದ ಸಾಗರ ವಿಜ್ಞಾನವನ್ನು ಕಟ್ಟಿದರು. 1976ರಲ್ಲಿ ಗವೇಷಣಿ, 1983ರಲ್ಲಿ ಸಾಗರ ಕನ್ಯಾ, ಅದರ ಬೆನ್ನಿಗೆ ಮೀನುಗಾರಿಕಾ ಸಂಶೋಧನೆಗೆ ಸಾಗರ ಸಂಪದಾ, ಮುಂದೆ ಸಾಗರ ನಿಧಿ, 2014ರಲ್ಲಿ ಸಿಂಧು ಸಾಧನಾ ಬಂದವು. ನಾಲ್ಕು ದಶಕ ದುಡಿದ ಸಾಗರ ಕನ್ಯಾಳ ಕಾಲ ಮುಗಿಯುತ್ತ ಬಂದಿದ್ದು, ಹೊಸ ಸಂಶೋಧನಾ ನೌಕೆಯನ್ನು ಕಟ್ಟುವ ಒಪ್ಪಂದ 2024ರಲ್ಲಿ ಕೋಲ್ಕತ್ತಾದ ಗಾರ್ಡನ್ ರೀಚ್ ಹಡಗುಕಟ್ಟೆಯ ಜೊತೆ ಆಗಿದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಆಳಸಾಗರ ಯೋಜನೆಯ ಐದು ವರ್ಷಗಳ ಅಂದಾಜು 4,077 ಕೋಟಿ ರೂಪಾಯಿ. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬೇಕಾದ ಮತ್ಸ್ಯ-6000 ಅದರ ಭಾಗ.

ಇಷ್ಟೆಲ್ಲ ಯಂತ್ರಗಳನ್ನು ನಡೆಸುವ ಕೈಗಳು ಎಲ್ಲಿಂದ ಬರಬೇಕು? ಹಡಗಿನ ಒಂದು ದಿನದ ಖರ್ಚು ಲಕ್ಷಗಳಲ್ಲಿದೆ, ಹಾಗಾಗಿ ಮುಖ್ಯ ವಿಜ್ಞಾನಿ ತನ್ನ ಮಂಚಗಳನ್ನು ಅನುಭವಸ್ಥರಿಗೇ ಕೊಡುತ್ತಾರೆ. ಅನುಭವವಿಲ್ಲದವರಿಗೆ ಅನುಭವ ಸಿಗುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಸಂಶೋಧನಾ ಸಂಸ್ಥೆಯೊಳಗೆ ಈಗಾಗಲೇ ಪಿಎಚ್‌ಡಿ ಮಾಡುತ್ತಿರುವವರಿಗೆ ಅವಕಾಶ ಸಿಗುತ್ತದೆ. ಜಿಲ್ಲಾ ಕೇಂದ್ರದ ಸ್ನಾತಕೋತ್ತರ ವಿದ್ಯಾರ್ಥಿಗೆ, ಅದರಲ್ಲೂ ಗುರುತು ಪರಿಚಯ ಇಲ್ಲದ ಮನೆಯಿಂದ ಬಂದವರಿಗೆ, ಯಾರನ್ನು ಕೇಳಬೇಕೆಂಬುದೂ ಗೊತ್ತಿರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಇದಕ್ಕೊಂದು ಉಪಾಯ ಹುಡುಕಿದ್ದಾರೆ. ಹಲವು ವಿಶ್ವವಿದ್ಯಾಲಯಗಳು ಒಟ್ಟಾಗಿ ಕ್ಯಾಪ್‌ಸ್ಟನ್ ಎಂಬ ಜಾಲ ಮಾಡಿಕೊಂಡು, 2017ರಿಂದ ಅಲ್ಲಿನ ರಾಷ್ಟ್ರೀಯ ನೌಕೆ ಇನ್ವೆಸ್ಟಿಗೇಟರ್ ಒಂದು ಬಂದರಿನಿಂದ ಇನ್ನೊಂದಕ್ಕೆ ಹೇಗೂ ಹೋಗಬೇಕಾದ ಪಯಣವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ತರಬೇತಿಗೆ ಬಳಸಿಕೊಂಡಿವೆ. ನಮ್ಮ ಹಡಗುಗಳೂ ಗೋವಾ, ಕೊಚ್ಚಿ, ಚೆನ್ನೈ ನಡುವೆ ಓಡಾಡುತ್ತವೆ. ಆ ಪಯಣಗಳಲ್ಲಿ ಕರಾವಳಿ ವಿಶ್ವವಿದ್ಯಾಲಯಗಳಿಗೆ ನಾಲ್ಕು ಮಂಚ ಕಾದಿರಿಸುವ ನಿಯಮ ಭೂವಿಜ್ಞಾನ ಸಚಿವಾಲಯದಿಂದ ಬರಬೇಕು. ಆಯ್ಕೆ ಬಹಿರಂಗ ಅರ್ಜಿಯಿಂದಲೇ ಆಗಬೇಕು.

ಹುಡುಗಿಯರ ಮಾತನ್ನು ಬೇರೆಯಾಗಿ ಹೇಳಲೇಬೇಕು. ದೋನಾ ಪಾವ್ಲಾದ ಸಾಗರ ವಿಜ್ಞಾನ ಸಂಸ್ಥೆಯ ಅದಿತಿ ಪಂತ್, ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಅವರೊಂದಿಗೆ 1983-84ರ ಅಂಟಾರ್ಕ್ಟಿಕಾ ಯಾತ್ರೆಯಲ್ಲಿದ್ದರು, ಆ ಖಂಡದಲ್ಲಿ ಕಾಲಿಟ್ಟ ಮೊದಲ ಭಾರತೀಯ ಮಹಿಳೆಯರು ಅವರಿಬ್ಬರು. ನಾಲ್ಕು ದಶಕ ಕಳೆದ ಮೇಲೂ ನಮ್ಮ ಕರಾವಳಿಯಲ್ಲಿ ಹುಡುಗಿಯರು ಒಂದು ದಿನದ ದೋಣಿ ಪಯಣದಿಂದ ಹಿಂದೆ ಉಳಿಯುವುದಕ್ಕೆ ಕಾರಣ ಹೆಚ್ಚಿನ ಸಲ ತೀರಾ ಸಣ್ಣದು, ದೋಣಿಯಲ್ಲಿ ಶೌಚಾಲಯವಿಲ್ಲ ಎಂಬುದು. ಆರೇಳು ತಾಸು ನೀರು ಕುಡಿಯದೆ ಬಿಸಿಲಿನಲ್ಲಿ ಕೂರುವುದು ಆರೋಗ್ಯಕ್ಕೆ ಅಪಾಯ, ಮನೆಯವರು ಬೇಡ ಎನ್ನುವುದೂ ಸಹಜ. ಪರದೆ ಕಟ್ಟಿದ ಸುಲಭ ಶೌಚ ವ್ಯವಸ್ಥೆ, ಪ್ರತಿ ತಂಡದಲ್ಲಿ ಕನಿಷ್ಠ ಇಬ್ಬರು ಹುಡುಗಿಯರು, ಜೊತೆಗೊಬ್ಬ ಅಧ್ಯಾಪಕಿ. ಇಷ್ಟನ್ನು ದೋಣಿ ಗೊತ್ತುಮಾಡುವ ಕಾಗದದಲ್ಲೇ ಷರತ್ತಾಗಿ ಬರೆದರೆ ತೊಡಕಿನ ಬಹುಪಾಲು ಬಗೆಹರಿಯುತ್ತದೆ.

ಬೈತ್‌ಕೋಲ್‌ನ ದೋಣಿಗಳು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಉಳಿದ ದಿನಗಳಲ್ಲಿ ಕಾರವಾರದ ಬೈತ್‌ಕೋಲ್, ಬೇಲೇಕೇರಿ, ತದಡಿ, ಹೊನ್ನಾವರ, ಭಟ್ಕಳದಿಂದ ಟ್ರಾಲರ್‌ಗಳೂ ಪರ್ಸೀನ್ ಬೋಟ್‌ಗಳೂ ಹೊರಡುತ್ತವೆ. ಅವುಗಳಲ್ಲಿ ಜಿಪಿಎಸ್ ಇದೆ, ಮೀನು ಹುಡುಕುವ ಪ್ರತಿಧ್ವನಿ ಯಂತ್ರವಿದೆ, ವೈರ್‌ಲೆಸ್ ಇದೆ. ಎಲ್ಲಕ್ಕಿಂತ ಮಿಗಿಲಾಗಿ ಬೋಟಿನ ಮುಖಂಡ ತಾಂಡೇಲ ಇದ್ದಾನೆ. ನೀರಿನ ಬಣ್ಣ ನೋಡಿ, ಹಕ್ಕಿ ನೋಡಿ, ಬಲೆಯ ಮೇಲೆ ಪ್ರವಾಹದ ಎಳೆತ ನೋಡಿ ಬಲೆ ಬಿಡಬೇಕೋ ಬೇಡವೋ ನಿರ್ಧರಿಸುವವನು. ಹರಿಕಂತ್ರ, ಖಾರ್ವಿ, ಗಾಬಿತ, ಅಂಬಿಗ, ದಾಲ್ದಿ ಮನೆಗಳಲ್ಲಿ ಈ ಅರಿವು ತಲೆಮಾರುಗಳಿಂದ ಬಂದಿದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹ ಮಾಹಿತಿಯಿಂದ ಮೀನು ಸಿಗಬಹುದಾದ ವಲಯಗಳ ಸೂಚನೆಯನ್ನು ಮೀನುಗಾರರಿಗೆ ಕೊಡುತ್ತದೆ. ಅದು ಮೇಲಿನಿಂದ ಕೆಳಗೆ ಬರುವ ಸುದ್ದಿ. ಕೆಳಗಿನಿಂದ ಮೇಲೆ ಹೋಗುವ ಸುದ್ದಿಗೆ ವಿದ್ಯಾರ್ಥಿ ಸೇತುವೆಯಾಗಬಹುದು.

ಈ ಮಾತು ಹೇಳುವಾಗ ಎಚ್ಚರವೂ ಬೇಕು. ಮೀನುಗಾರಿಕೆಗೆ ಹೊರಟ ಬೋಟಿಗೆ ವಿದ್ಯಾರ್ಥಿಗಳನ್ನು ಸುಮ್ಮನೆ ಹತ್ತಿಸಿ ಕಳಿಸುವುದು ಸರಿಯಲ್ಲ. ಅವರ ದುಡಿಮೆ ಕೆಡುತ್ತದೆ, ಇವರ ಅಳತೆಯೂ ಕೆಡುತ್ತದೆ. ಅಳತೆಗೆಂದೇ ದಿನ ಗೊತ್ತುಮಾಡಿ, ಒಂದು ದಿನದ ದುಡಿಮೆಗೆ ಸಮನಾದ ಬಾಡಿಗೆ ಕೊಟ್ಟು, ತಾಂಡೇಲನನ್ನು ತಂಡದ ಸದಸ್ಯನಾಗಿ ಕರೆಯಬೇಕು. ಅವನು ಹೇಳಿದ್ದನ್ನೂ ಲಾಗ್ ಪುಸ್ತಕದಲ್ಲಿ ಬರೆಯಬೇಕು, ಅವನ ಹೆಸರಿನೊಂದಿಗೆ.

ಸುರಕ್ಷತೆಯಲ್ಲಿ ರಾಜಿ ಇಲ್ಲ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡ ನೋವು ಈ ಊರಿನಲ್ಲಿ ಇನ್ನೂ ಹಸಿಯಾಗಿದೆ. ಜೀವರಕ್ಷಕ ಜಾಕೆಟ್ ತೊಡದವರು ಧಕ್ಕೆ ಬಿಡುವಂತಿಲ್ಲ, ದೋಣಿಯ ಮಿತಿಗಿಂತ ಒಬ್ಬರೂ ಹೆಚ್ಚಾಗುವಂತಿಲ್ಲ, ಹವಾಮಾನದ ಮುನ್ಸೂಚನೆ ಕೆಟ್ಟದಿದ್ದರೆ ಪಯಣ ರದ್ದು ಎಂಬುದು ಪಠ್ಯಕ್ರಮದ ಮೊದಲ ಪುಟದಲ್ಲಿರಬೇಕು. ಪ್ರತಿ ವಿದ್ಯಾರ್ಥಿಗೂ ಈಜು ಪರೀಕ್ಷೆ, ವಿಮೆ, ಪ್ರಥಮ ಚಿಕಿತ್ಸೆಯ ತರಬೇತಿ ಕಡ್ಡಾಯವಾಗಬೇಕು. ಕಾರವಾರದಲ್ಲಿ ನೌಕಾಪಡೆಯ ಕದಂಬ ನೆಲೆಯಿದೆ, ಹಾಗಾಗಿ ಎಲ್ಲಿ ಬೇಕೆಂದರಲ್ಲಿ ಯಂತ್ರ ಇಳಿಸಲಾಗದು. ಬಂದರು ಇಲಾಖೆ, ಕರಾವಳಿ ಕಾವಲು ಪೊಲೀಸ್, ನೌಕಾಪಡೆ ಮೂವರೊಂದಿಗೂ ವರ್ಷಕ್ಕೊಮ್ಮೆ ಕೂತು ನಿಗದಿತ ಜಾಗ, ನಿಗದಿತ ದಿನಗಳಿಗೆ ಒಟ್ಟು ಅನುಮತಿ ಪಡೆಯುವುದು ಜಾಣತನ. ಪ್ರತಿ ಪಯಣಕ್ಕೂ ಹೊಸ ಅರ್ಜಿ ಹಾಕುತ್ತ ಕೂತರೆ ಸೆಮಿಸ್ಟರೇ ಮುಗಿಯುತ್ತದೆ.

ಯಾರ ಕೈಯಲ್ಲಿ ಅಂಕಿಗಳು

ಈ ಅಳತೆಗಳ ಅಗತ್ಯ ಈಗ ತುರ್ತಾಗಿರುವುದಕ್ಕೆ ಕಾರಣ ಕರಾವಳಿಯ ಭವಿಷ್ಯದ ಜಗಳ. ಕಾರವಾರ ಬಂದರಿನ ವಿಸ್ತರಣೆ, ಅಂಕೋಲಾದ ಕೇಣಿ, ಹೊನ್ನಾವರದ ಕಾಸರಕೋಡಿನ ಬಂದರು ಯೋಜನೆಗಳು, ಎಲ್ಲ ಕಡೆ ಮೀನುಗಾರರು ಬೀದಿಗಿಳಿದಿದ್ದಾರೆ. ಅಹವಾಲು ಸಭೆಗಳಲ್ಲಿ ಒಂದು ಕಡೆ ದಪ್ಪನೆಯ ಪರಿಸರ ಪರಿಣಾಮ ವರದಿ, ಇನ್ನೊಂದು ಕಡೆ ತಾವು ಕಂಡದ್ದನ್ನು ಹೇಳುವ ಜನ. ಇಂಥ ವರದಿಗಳಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಹಂಗಾಮಿನ ಮಾಹಿತಿ ಸಾಕೆಂಬ ಪದ್ಧತಿಯಿದೆ. ಈ ಕಡಲಿನ ಬದುಕನ್ನು ನಿರ್ಧರಿಸುವುದೇ ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ಎರಡು ತಿಂಗಳು. ಆ ಕಾಲವನ್ನು ಹೊರಗಿಟ್ಟು ಬರೆದ ಕಡಲಿನ ವರದಿ ಅರ್ಧವೂ ಅಲ್ಲ.

ಹತ್ತು ವರ್ಷ ಒಂದೇ ಜಾಗದಲ್ಲಿ ಅಳೆದ ಅಂಕಿಗಳು ಯಾವ ಪಕ್ಷಕ್ಕೂ ಸೇರಿದವಲ್ಲ. ಅವು ಮೀನುಗಾರರ ಮಾತಿಗೆ ಬಲ ಕೊಡಬಹುದು, ಕೆಲವೊಮ್ಮೆ ಅವರ ನಂಬಿಕೆಯನ್ನು ಅಲುಗಾಡಿಸಲೂಬಹುದು. ಮೀನು ಕಡಿಮೆಯಾದದ್ದು ತಳದ ಆಮ್ಲಜನಕದಿಂದಲೋ, ಬೆಳಕು ಹಾಕಿ ಹಿಡಿದದ್ದರಿಂದಲೋ, ಮರಿ ಮೀನು ಬಾಚಿದ್ದರಿಂದಲೋ ಎಂಬ ಪ್ರಶ್ನೆಗೆ ಉತ್ತರ ಹೇಗೆ ಬಂದರೂ ಎದುರಿಸುವ ಧೈರ್ಯ ಬೇಕು. ಆ ಅಂಕಿಗಳನ್ನು ವಿಭಾಗದ ಕಪಾಟಿನಲ್ಲಿ ಬೀಗ ಹಾಕಿಡದೆ ತಿಂಗಳೊಳಗೆ ಎಲ್ಲರಿಗೂ ತೆರೆದಿಡಬೇಕು, ಮೀನುಗಾರರ ಸಹಕಾರಿ ಸಂಘದ ಗೋಡೆಯ ಮೇಲೂ ಕನ್ನಡದಲ್ಲಿ ಅಂಟಿಸಬೇಕು.

ಆರಂಭಕ್ಕೆ ಎರಡು ಜಾಗ ಸಾಕು ಎಂದು ನನ್ನ ಅಭಿಪ್ರಾಯ. ಒಂದು, ಕಾರವಾರದ ಎದುರಿನ ದೇವಗಡ ದೀಪಸ್ತಂಭದಿಂದ ಆಚೆ, ಬಂದರು ಮತ್ತು ನೌಕಾನೆಲೆಯ ಮಿತಿಯ ಹೊರಗೆ ಇಪ್ಪತ್ತು ಮೀಟರ್ ಆಳದ ಸುತ್ತಮುತ್ತ. ಇನ್ನೊಂದು, ಅಘನಾಶಿನಿಯ ಅಳಿವೆಯ ಬಾಯಿ. ಹದಿನೈದು ದಿನಕ್ಕೊಮ್ಮೆ ಹೋಗಿ ಮೇಲಿನ, ನಡುವಿನ, ತಳದ ನೀರಿನ ಉಷ್ಣತೆ, ಲವಣಾಂಶ, ಆಮ್ಲಜನಕ, ತಿಳಿತನ ಅಳೆದು ಒಂದು ಪ್ಲವಕ ಬಲೆ ಎಳೆಯುವುದು. ಎರಡು ವರ್ಷದ ಪದವಿಯಲ್ಲಿ ಪ್ರತಿ ವಿದ್ಯಾರ್ಥಿಗೂ ಕನಿಷ್ಠ ಇಪ್ಪತ್ತು ದಿನ ನೀರಿನ ಮೇಲೆ, ಲಾಗ್ ಪುಸ್ತಕಕ್ಕೆ ಒಂದು ಪತ್ರಿಕೆಯಷ್ಟು ಅಂಕ. ಹಿರಿಯ ತಂಡ ಕಿರಿಯರಿಗೆ ಕಲಿಸಿ ಹೊರಟರೆ ಸರಪಳಿ ಕಡಿಯುವುದಿಲ್ಲ. ಬಾಡಿಗೆ, ಡೀಸೆಲ್, ರಾಸಾಯನಿಕಗಳ ಖರ್ಚನ್ನು ವಿಶ್ವವಿದ್ಯಾಲಯ, ರಾಜ್ಯದ ಮೀನುಗಾರಿಕೆ ಇಲಾಖೆ ಮತ್ತು ಜಿಲ್ಲೆಯಲ್ಲಿ ದೊಡ್ಡ ಯೋಜನೆ ನಡೆಸುವ ಕಂಪನಿಗಳ ಸಾಮಾಜಿಕ ಹೊಣೆಯ ನಿಧಿ ಹಂಚಿಕೊಳ್ಳಬಹುದು. ಆದರೆ ಕಂಪನಿಯ ದುಡ್ಡು ಬಂದ ಕಡೆ ಅಂಕಿಗಳ ಮೇಲೆ ಅದರ ಹಕ್ಕಿಲ್ಲ ಎಂಬುದು ಒಪ್ಪಂದದಲ್ಲಿ ಬರೆದಿರಬೇಕು. ಆಗಸ್ಟ್ 1ರಂದು ಬೋಟ್‌ಗಳು ಮತ್ತೆ ಕಡಲಿಗಿಳಿಯುತ್ತವೆ, ಸೆಪ್ಟೆಂಬರ್‌ನಲ್ಲಿ ಮೊದಲ ಮಾದರಿ ತೆಗೆಯಬೇಕಾದರೆ ಅನುಮತಿಯ ಅರ್ಜಿ ಮೇ ತಿಂಗಳಲ್ಲೇ ಹೋಗಬೇಕು.